ಉಹುಂ ಹುಡುಗಿಯ ಸಂದರ್ಶನ

ಹುಟ್ಟಿದ ಮೂರನೆಯ ದಿನ ನಾನು ತೊಟ್ಟಿಲಲ್ಲಿ ಎದ್ದು ಕೂತು, ನೋಡಲು ಬಂದಿದ್ದ ನೆಂಟರಿಗೆಲ್ಲ ಸ್ವಾಗತ ಭಾಷಣ ಮಾಡಿದೆ. ದಾದಿ ಕೈಯಲ್ಲಿದ್ದ ಬಿಸಿನೀರಿನ ಪಾತ್ರೆಯನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಸಭೆಗಳಲ್ಲಿ ಮಾತಾಡಿ ಹೆಸರು ಮಾಡಿದ್ದ ನನ್ನ ದೊಡ್ಡಪ್ಪ ಅವತ್ತಿನಿಂದ ವೇದಿಕೆ ಹತ್ತುವುದನ್ನೇ ಬಿಟ್ಟುಬಿಟ್ಟ. ವಂದನಾರ್ಪಣೆಯನ್ನೂ ನಾನೇ ಮಾಡುವವನಿದ್ದೆ, ಅಷ್ಟರಲ್ಲಿ ಹಾಲು ಕುಡಿಯುವ ಹೊತ್ತಾಯಿತು. ಇದನ್ನು ನಂಬದವರು ನನ್ನ ತಾಯಿಯನ್ನು ಕೇಳಬಹುದಿತ್ತು, ಅವಳು ಈಗಿಲ್ಲ. ಇದ್ದಾಗಲೂ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಅಂಥ ವಿನಯ ಅವಳದು, ನನಗೆ ಬಂದದ್ದೂ ಅದೇ.

ಇಂಥ ನಾನು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ, ಶಾಲೆಗೆ ಸೇರುವ ವಯಸ್ಸಿನ ಮಕ್ಕಳಿಗೆ ಮಾತಾಡುವುದನ್ನೂ ಮಾತು ಕೇಳುವುದನ್ನೂ ಕಲಿಸುತ್ತೇನೆ. ಕೆಳಗಿನ ಕಾವಿಗೆ ನೆಲ ಸದಾ ಬೆಚ್ಚಗಿರುತ್ತದೆ. ಆ ಬಿಸಿಗೇ ಮಕ್ಕಳ ನಾಲಗೆ ಸಡಿಲವಾಗುತ್ತದೆ ಎಂದು ನಾನು ತಾಯ್ತಂದೆಯರಿಗೆ ಹೇಳುವುದುಂಟು; ಹಾಗಾದರೆ ಅರ್ಧ ಕೀರ್ತಿ ನನಗೂ ಬರಬೇಕು ಎಂದು ಇಸ್ತ್ರಿಯವನು ಮೆಟ್ಟಿಲ ಬುಡದಿಂದ ಹೇಳುವುದೂ ಉಂಟು. ನನ್ನ ಕೈಯಲ್ಲಿ ಕಲಿತ ತೊದಲು ಹುಡುಗನೊಬ್ಬ ಈಗ ವಕೀಲರ ಬಾಯಿ ಮುಚ್ಚಿಸುತ್ತಾನೆ. ವಕೀಲ ಅವನ ಸ್ವಂತ ಅಪ್ಪ ಎಂಬುದು ಬೇರೆ ಮಾತು, ಮುಚ್ಚಿಸುವುದು ಮುಚ್ಚಿಸುವುದೇ. ನನ್ನ ಕೋಣೆಯಲ್ಲಿ ಎರಡು ಪಾಠ. ಒಂದು ಮಾತಿನದು: ಎದ್ದು ನಿಲ್ಲು, ಗಂಟಲು ಸರಿಮಾಡಿಕೊ, ಎದುರಿನವರ ಹುಬ್ಬುಗಳ ನಡುವೆ ನೋಡು, ಕೊನೆಯ ಅಕ್ಷರ ನುಂಗಬೇಡ. ಇನ್ನೊಂದು ಕೇಳುವುದರದು: ನಾನು ಮಾತಾಡುತ್ತೇನೆ, ಅವರು ಕೇಳುತ್ತಾರೆ. ಈ ಎರಡನೆಯ ಪಾಠಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಆ ಕೋಣೆಗೆ ಬರುವ ಮಕ್ಕಳಲ್ಲಿ ಒಬ್ಬಳಿಗೆ ಉಳಿದ ಮಕ್ಕಳೇ ಉಹುಂ ಎಂದು ಹೆಸರಿಟ್ಟಿದ್ದರು. ಹಸಿವಾ ಎಂದರೆ ಉಹುಂ, ನಿದ್ದೆಯಾ ಎಂದರೆ ಉಹುಂ, ಹೊರಗೆ ಹೋಗಬೇಕಾ ಎಂದರೂ ಉಹುಂ, ಆಮೇಲೆ ಒದ್ದೆಯಾದ ಫ್ರಾಕು. ತುಟಿ ಬಿಚ್ಚದೆ ಮೂಗಿನಲ್ಲೇ ಹೊರಡುವ ಆ ಸದ್ದನ್ನು ಧ್ವನಿ ಎಂದು ಹೇಗೆ ಒಪ್ಪುವುದು? ಅವಳ ತಾಯಿ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರಂ ಕಟ್ಟೆಗೆ ಬರುತ್ತದೆ, ಎಷ್ಟು ತಡ ಎಂದು ಹೇಳುವ ಅನೌನ್ಸರ್. ಅವರ ಮನೆ ನಿಲ್ದಾಣದ ಹಿಂಗೋಡೆಗೆ ಅಂಟಿಕೊಂಡಿದೆ. ನನ್ನ ತರಗತಿಯ ಹೊತ್ತೊಂದನ್ನು ಬಿಟ್ಟರೆ, ತಾಯಿಯ ಪಾಳಿ ಮುಗಿಯುವವರೆಗೆ ಹುಡುಗಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿರುತ್ತಾಳೆ. ಪಕ್ಕದ ಮನೆಯಾಕೆ ಆಗಾಗ ಬಂದು ಬಾಗಿಲು ತಟ್ಟುತ್ತಾಳೆ, ಒಳಗಿನಿಂದ ಉಹುಂ ಎಂದರೆ ಇದ್ದಾಳೆ ಎಂದು ಗೊತ್ತಾಗಿ ಹೋಗುತ್ತಾಳೆ. ತಾಯಿಯ ದನಿ ದಿನವಿಡೀ ಕಿಟಕಿಯಿಂದ ಒಳಗೆ ಬರುತ್ತಲೇ ಇರುತ್ತದೆ, ದಯವಿಟ್ಟು ಗಮನಿಸಿ ಎನ್ನುತ್ತದೆ, ಹುಡುಗಿ ಗಮನಿಸುತ್ತಾಳೆ, ಅದು ಇನ್ಯಾರಿಗೋ ಹೇಳಿದ ಮಾತಾಗಿರುತ್ತದೆ. ಮನೆಗೆ ಬರುವ ಹೊತ್ತಿಗೆ ತಾಯಿಯ ಗಂಟಲು ಕಟ್ಟಿರುತ್ತದೆ. ಬಿಸಿನೀರು ಕುಡಿದು, ಕೈಸನ್ನೆಯಲ್ಲೇ ಮಗಳನ್ನು ಊಟಕ್ಕೆ ಕರೆಯುತ್ತಾಳೆ. ಇದೆಲ್ಲವನ್ನೂ ಆಕೆಯೇ ನನಗೆ ಹೇಳಿದ್ದು. ಹೇಳುವಾಗ ನಡುನಡುವೆ ನಾನು ಸಲಹೆ ಕೊಡುತ್ತಿದ್ದುದರಿಂದ ಪೂರ್ತಿ ಹೇಳಲು ಆಕೆಗೆ ಒಂದು ವಾರ ಹಿಡಿಯಿತು.

ದೊಡ್ಡ ಶಾಲೆಗೆ ಸೇರಿದರೆ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುತ್ತಾಳೆ, ಚಿಲಕದ ಹಿಂದೆ ಕೂರುವುದು ತಪ್ಪುತ್ತದೆ. ಆದರೆ ಅಲ್ಲಿನ ಹೆಡ್‌ಮಿಸ್ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿ ನೋಡಿಯೇ ಸೇರಿಸಿಕೊಳ್ಳುವುದು. ಹಿಂದಿನ ವರ್ಷ ಒಂದು ಸಲ ಆ ಕುರ್ಚಿಯಲ್ಲಿ ಕೂತು, ಬಾಯಿ ಬಿಡದೆ, ಇನ್ನೊಂದು ವರ್ಷ ಕಳೆಯಲಿ ಎನ್ನಿಸಿಕೊಂಡು ಬಂದಿದ್ದಳು ಉಹುಂ. ಆಮೇಲೆಯೇ ತಾಯಿ ನನ್ನ ಮೆಟ್ಟಿಲು ಹತ್ತಿದ್ದು. ಈ ಸಲದ ಸಂದರ್ಶನ ಆಕೆಯ ಹಗಲು ಪಾಳಿಯ ಹೊತ್ತಿಗೇ ಬಿತ್ತು. ಮೇಷ್ಟ್ರೆ, ನೀವೇ ಕರೆದುಕೊಂಡು ಹೋಗುತ್ತೀರಾ ಎಂದು ಆಕೆ ಅಳುಕುತ್ತ ಕೇಳಿದಾಗ, ನಾನಿದ್ದ ಮೇಲೆ ಸಂದರ್ಶನ ಹುಡುಗಿಗಲ್ಲಮ್ಮ, ಶಾಲೆಗೆ ಎಂದಿದ್ದೆ.

ಹೇಗಾಯಿತು ಎನ್ನುತ್ತೀರಾ? ಹುಡುಗಿ ಕುರ್ಚಿಯಲ್ಲಿ ಕೂತದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ಶುರುವಾಯಿತು. ಹೆಸರು ಕೇಳಿದರೆ ಹೆಸರು, ಹೆಸರಿನ ಅರ್ಥ, ಆ ಹೆಸರು ಇಟ್ಟವರ ಹೆಸರು. ಗೋಡೆಯ ಮೇಲಿನ ಚಿತ್ರದಲ್ಲಿ ಏನಿದೆ ಎಂದರೆ ಏನಿದೆ, ಏನಿಲ್ಲ, ಏನಿದ್ದರೆ ಚೆನ್ನಾಗಿತ್ತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಟೀಚರುಗಳು ಬಾಗಿಲಲ್ಲಿ ಗುಂಪುಕಟ್ಟಿದರು. ಗಂಟೆ ಹೊಡೆಯಬೇಕಾದ ಜವಾನ ಗಂಟೆ ಮರೆತ, ಹಾಗಾಗಿ ಇಡೀ ಶಾಲೆಗೆ ಒಂದು ಪೀರಿಯಡ್ ಉದ್ದವಾಯಿತು. ಕೊನೆಗೆ ಹೆಡ್‌ಮಿಸ್ ಎದ್ದು ನಿಂತರು.

ಎದ್ದು ನಿಂತದ್ದು ನಿಜ. ಕಿಟಕಿ ಮುಚ್ಚುವುದಕ್ಕೆ ಎಂದು ಬೇಕಾದರೆ ಹೇಳಬಹುದು, ಹೊರಗೆ ಮಕ್ಕಳ ಗಲಾಟೆ ಇತ್ತು. ಆದರೆ ಎದ್ದವರು ತಕ್ಷಣ ಕೂರಲಿಲ್ಲ, ನನ್ನನ್ನೇ ನೋಡುತ್ತ ನಿಂತರು, ಅದೂ ನಿಜ. ಮರಳಿ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಅವಳ ಕೈ ಹಿಡಿದು ಬೇಗಬೇಗ ನಡೆಯುತ್ತಿದ್ದೆ. ಬಿಸಿಲಿಗೆ ಬೇಗ ನಡೆಯುವುದು ನನ್ನ ಅಭ್ಯಾಸ, ಬೇರೆ ಕಾರಣವಿಲ್ಲ. ಗಾಜಿನ ಅಂಗಡಿಯ ಮುಂದೆ ಇಬ್ಬರು ಆಳುಗಳು ಬಾಗಿಲಷ್ಟು ದೊಡ್ಡ ಗಾಜನ್ನು ಗಾಡಿಯಿಂದ ಇಳಿಸುತ್ತಿದ್ದರು. ಅವರ ಕೈಯಲ್ಲಿ ರಸ್ತೆ, ಮರ, ಎದುರಿನ ಮಾಳಿಗೆ ಎಲ್ಲ ಓರೆಯಾಗಿ ತೇಲುತ್ತ ಹೋಯಿತು, ಅದರೊಳಗೆ ನಾವಿಬ್ಬರೂ ಒಂದು ಕ್ಷಣ ಇದ್ದೆವು, ಒಬ್ಬ ಬಾಯಿ ಆಡಿಸುತ್ತಿರುವ ಗಂಡಸು, ಪಕ್ಕದಲ್ಲಿ ಅವನನ್ನು ನೋಡದ ಒಂದು ಮಗು. ಅವಳು ನಿಂತು ನನ್ನ ಕೈ ಎಳೆದಳು. ಬಾ ಬಾ ಎಂದೆ. ಮತ್ತೆ ಎಳೆದಳು. ಹೆಡ್‌ಮಿಸ್ಸಿನ ಮುಂದೆ ಹೇಗೆ ಕೂರಬೇಕಿತ್ತು, ಎಲ್ಲಿ ನೋಡಬೇಕಿತ್ತು ಎಂಬುದನ್ನು ನಾನು ಅವಳಿಗೆ ವಿವರಿಸುವುದರಲ್ಲಿದ್ದೆ. ಅರ್ಧಕ್ಕೆ ನಿಲ್ಲಿಸಿದರೆ ವಿಷಯದ ಎಳೆ ತಪ್ಪುತ್ತದೆ. ಗಾಜು ಒಳಗೆ ಹೋಯಿತು. ಅವಳ ಕೈ ನನ್ನ ಕೈಯೊಳಗೆ ಇದ್ದೂ ಇಲ್ಲದ ಹಾಗೆ ಹಗುರಾಯಿತು.

ಸಂದರ್ಶನದಲ್ಲಿ ಒಂದೇ ಒಂದು ಸಣ್ಣ ಎಡವಟ್ಟು ಆಯಿತು, ಅದನ್ನು ಮುಚ್ಚಿಡುವವನಲ್ಲ ನಾನು. ಅದರಲ್ಲಿ ತಪ್ಪೇನಿದ್ದರೂ ಕನ್ನಡ ಭಾಷೆಯದು. ಅಷ್ಟು ಮಾತೆಲ್ಲ ಆದಮೇಲೆ ಹೆಡ್‌ಮಿಸ್ ಹುಡುಗಿಯ ಕಡೆ ಬಾಗಿ, ಈಗ ನೀನು ನನ್ನನ್ನು ಏನಾದರೂ ಕೇಳು ಮರಿ ಎಂದರು. ಎಂದದ್ದೇ ಹುಡುಗಿ ತುಟಿ ಬಿಗಿದು, ಬಲಗೈಯನ್ನು ಕಿವಿಯ ಹಿಂದಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಹೆಡ್‌ಮಿಸ್ ಕಾದರು. ಹುಡುಗಿಯೂ ಕಾದಳು. ಕೇಳು ಕೇಳು, ಹೆದರಬೇಡ ಎಂದರು ಅವರು ಇನ್ನೂ ಮೆತ್ತಗೆ. ಹುಡುಗಿ ಇನ್ನೊಂದು ಕೈಯನ್ನೂ ಇನ್ನೊಂದು ಕಿವಿಗೆ ಇಟ್ಟುಕೊಂಡಳು. ನನ್ನ ತರಗತಿಯಲ್ಲಿ ನಾನು ಕೇಳಿ ಎಂದ ಕೂಡಲೇ ಮಕ್ಕಳು ಮಾಡಬೇಕಾದದ್ದು ಇದನ್ನೇ, ಇಷ್ಟು ಚೆನ್ನಾಗಿ ಯಾವ ಮಗುವೂ ಮಾಡಿರಲಿಲ್ಲ. ನೀವೇ ನೋಡಿ, ಎಂಥ ಜಿಪುಣ ಭಾಷೆ ಇದು. ಹಾಡು ಕೇಳುವುದೂ ಕೇಳುವುದೇ, ದಾರಿ ಕೇಳುವುದೂ ಕೇಳುವುದೇ. ಬೈಗುಳ ಕೇಳುವುದೂ ಕೇಳುವುದೇ, ಕ್ಷಮೆ ಕೇಳುವುದೂ ಕೇಳುವುದೇ. ಹೇಳಿದ ಮಾತು ಕೇಳದ ಮಗ ಎಂದರೆ ಕಿವುಡನಲ್ಲ, ಅವನಿಗೆ ಎಲ್ಲ ಕೇಳಿಸಿರುತ್ತದೆ. ಒಂದೇ ಮಾತನ್ನು ಎರಡು ಕೆಲಸಕ್ಕೆ ದುಡಿಸಿದರೆ ಮಗು ಏನು ಮಾಡೀತು? ನನ್ನ ಕೋಣೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಇನ್ನೊಂದರ ಅಗತ್ಯ ಅಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಬಿದ್ದಿರಲಿಲ್ಲ ಎಂದು ನಡೆಯುತ್ತ ನನಗೆ ನಾನೇ ಹೇಳಿಕೊಂಡೆ. ಅಷ್ಟು ಮಕ್ಕಳು, ಅಷ್ಟು ವರ್ಷ, ಮೇಷ್ಟ್ರೆ ಇದು ಯಾಕೆ ಎಂದು ಒಂದು ಮಗು ಕೇಳಿದ್ದು ನೆನಪಿಗೆ ಬರಲಿಲ್ಲ. ನಾನು ಎಲ್ಲವನ್ನೂ ಅಷ್ಟು ಸ್ಪಷ್ಟವಾಗಿ ಹೇಳುತ್ತೇನೆ, ಕೇಳಲು ಏನೂ ಉಳಿದಿರುವುದಿಲ್ಲ, ಅದೇ ಕಾರಣವಿರಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಊಟದ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಯಾರಿಗಾದರೂ ನೀರು ಬೇಕಿದ್ದರೆ ಅವರೇ ಎದ್ದು ಹೋಗಿ ತಂದುಕೊಳ್ಳಬೇಕು, ಕೇಳಿದರೆ ಕೇಳಿಸುತ್ತಿರಲಿಲ್ಲ. ನಾನು ಬಟ್ಟಲಿಗೆ ಬಟ್ಟಲು ಬಡಿದು ಸದ್ದು ಮಾಡಿ, ಎಲ್ಲರೂ ತಿರುಗಿದ ಕೂಡಲೇ ಒಂದು ಸುಳ್ಳು ಹೇಳುತ್ತಿದ್ದೆ. ಬೀದಿಯಲ್ಲಿ ಆನೆ ಬಿದ್ದಿದೆ ಅಂತಲೋ, ಅಂಚೆಯವನಿಗೆ ಎರಡು ತಲೆ ಅಂತಲೋ. ಆ ಒಂದು ಕ್ಷಣ ಎಲ್ಲ ಕಣ್ಣು ನನ್ನ ಮೇಲೆ, ಆ ಕ್ಷಣದ ರುಚಿ ಇಟ್ಟುಕೊಂಡೇ ನಾನು ಇಷ್ಟು ದೂರ ಬಂದದ್ದು. ಪಕ್ಕದಲ್ಲಿ ಉಹುಂ ನಡೆಯುತ್ತಿದ್ದಳು. ಅವಳ ಚಪ್ಪಲಿಯ ಸದ್ದೂ ಇರಲಿಲ್ಲ.

ತಾಯಿ ಸಂಜೆಗೆ ಬರುವುದು ಎಂದು ಹುಡುಗಿಯನ್ನು ಊಟಕ್ಕೆ ನಮ್ಮ ಮನೆಗೇ ಕರೆದುಕೊಂಡು ಹೋದೆ. ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಚೀಟಿ ಓದಿ ಮಾತ್ರೆ ಕೊಡುವವಳು, ಮಧ್ಯಾಹ್ನ ಒಂದು ಗಳಿಗೆ ಮನೆಗೆ ಬರುತ್ತಾಳೆ. ತಟ್ಟೆಗೆ ಅನ್ನ ಹಾಕುತ್ತ, ಹೇಗಾಯಿತು ಎಂದಳು. ಟೀಚರುಗಳ ಗುಂಪು, ಗಂಟೆ ಮರೆತ ಜವಾನ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಒಂದು ಹೊಸ ಮಾತು ತಾನಾಗಿ ಸೇರಿಕೊಂಡಿತು: ಇಷ್ಟು ತಿಳಿದ ಮಗುವನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿ ಕೆಡಿಸುವುದು ಬೇಡ, ಇನ್ನೊಂದು ವರ್ಷ ನಿಮ್ಮಂಥವರ ಹತ್ತಿರವೇ ಇರಲಿ ಎಂದು ಹೆಡ್‌ಮಿಸ್ ಕೈಮುಗಿದು ಕೇಳಿಕೊಂಡರು. ಹೇಳಿ ಮುಗಿಸಿದಮೇಲೆ ನನಗೇ ಅದು ಬಹಳ ಹಿಡಿಸಿತು, ಇದ್ದದ್ದಕ್ಕಿಂತ ದುಂಡಗಿತ್ತು. ಹುಡುಗಿ ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡು ನನ್ನನ್ನು ನೋಡಿದಳು. ನಾನು ಅವಳ ಹುಬ್ಬುಗಳ ನಡುವೆ ನೋಡಿದೆ.

ಹೆಂಡತಿ ಹುಡುಗಿಯ ತಟ್ಟೆಗೆ ಸಾರು ಹಾಕಿದಳು. ಆಮೇಲೆ, "ಅವರು ಹೇಳಿದ್ದು ಪೂರ್ತಿ ಕೇಳಿಸ್ಕೊಂಡ್ರಾ?" ಎಂದಳು.

ಕೇಳಿಸಿಕೊಳ್ಳುವುದು ನನ್ನ ಕಸುಬು ಎಂದೆ.

"ನೀವು ಕೇಳಿಸ್ಕೊಳ್ಳೋದು ಅಂದ್ರೆ ಮುಂದಿನ ಮಾತಿಗೆ ಉಸಿರು ಎಳ್ಕೊಳ್ಳೋದು, ಅಷ್ಟೆ ತಾನೆ," ಎಂದು ಸಾರಿನ ಪಾತ್ರೆಯನ್ನು ನನ್ನ ಕಡೆ ತಳ್ಳಿದಳು. ಬಯ್ಯುವ ದನಿಯಲ್ಲ, ಈ ಮಾತ್ರೆ ಊಟಕ್ಕೆ ಮೊದಲು, ಈ ಮಾತ್ರೆ ಆಮೇಲೆ ಎಂದು ಹೇಳುತ್ತಾಳಲ್ಲ, ಆ ದನಿ. ಊಟವಾದಮೇಲೆ ಅವಳು ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಹೆಂಡತಿ ಏನೋ ಮಾತಾಡುತ್ತಿದ್ದಳು, ನಡುನಡುವೆ ನಿಲ್ಲಿಸುತ್ತಿದ್ದಳು. ನಿಲ್ಲಿಸಿದಾಗ ಏನಾಗುತ್ತಿತ್ತೋ ನನಗೆ ಗೊತ್ತಾಗಲಿಲ್ಲ, ನಾನು ಆಗ ಕನ್ನಡಿಯ ಮುಂದೆ ನಿಂತು ಸಂಜೆ ತಾಯಿಗೆ ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಕಂಡವನು ಒಳ್ಳೆಯ ಕೇಳುಗ. ನಾನು ತಲೆಯಾಡಿಸಿದಾಗಲೆಲ್ಲ ಅವನೂ ತಲೆಯಾಡಿಸಿದ. ಆದರೂ ಹೆಡ್‌ಮಿಸ್ ಕೈಮುಗಿದರು ಎಂಬಲ್ಲಿಗೆ ಬಂದಾಗ ಅವರ ಕೈ ನನಗೆ ಬೇರೆ ಥರ ಕಾಣುತ್ತಿತ್ತು. ಬೆಳಿಗ್ಗೆ ಅದು ಮುಗಿದಿರಲಿಲ್ಲ, ನನ್ನ ಮುಖದ ನೇರಕ್ಕೆ ಅಂಗೈ ತೋರಿಸಿ ನಿಂತಿತ್ತು, ಚೌಕದಲ್ಲಿ ಗಾಡಿಗಳನ್ನು ನಿಲ್ಲಿಸುತ್ತಾರಲ್ಲ ಹಾಗೆ. ಬಳೆಯಿಲ್ಲದ, ಸೀಮೆಸುಣ್ಣದ ಪುಡಿ ಹತ್ತಿದ ಕೈ. ಅದನ್ನು ಮುಗಿಸಲು ನನಗೆ ಮಧ್ಯಾಹ್ನವೆಲ್ಲ ಹಿಡಿಯಿತು.

ಸಂಜೆ ತರಗತಿ ಬಿಡುವ ಹೊತ್ತಿಗೆ ಮೂರು ನಾಲ್ಕು ತಾಯ್ತಂದೆಯರು ಬಾಗಿಲಲ್ಲಿ ನಿಂತಿದ್ದರು. ಅನೌನ್ಸರ್ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದಳು, ಕೊರಳಿಗೆ ಸುತ್ತಿದ ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಏನಂದರು ಮೇಷ್ಟ್ರೆ ಎಂದು ಕೇಳಿದ ದನಿ ಎಷ್ಟು ಸಣ್ಣಗಿತ್ತೆಂದರೆ, ನೂರಾರು ಜನರನ್ನು ಕಟ್ಟೆಯಿಂದ ಕಟ್ಟೆಗೆ ಓಡಿಸುವ ದನಿ ಇದೇ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಕೂತುಕೊಳ್ಳಿ ಎಂದೆ. ಎಲ್ಲರೂ ಕೂರಿ ಎಂದೆ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ, ಅವತ್ತಿನ ಹಾಗೆ ನಾನು ಎಂದೂ ಮಾತಾಡಿರಲಿಲ್ಲ. ಟೀಚರುಗಳು ಬಾಗಿಲಲ್ಲಷ್ಟೇ ಅಲ್ಲ, ಕಿಟಕಿಗಳಲ್ಲೂ ತುಂಬಿಕೊಂಡರು. ಚಿತ್ರದ ಬಗ್ಗೆ ಹುಡುಗಿ ಹೇಳಿದ್ದನ್ನು ಹುಡುಗಿಯ ದನಿಯಲ್ಲೇ ಹೇಳಿ ತೋರಿಸಿದೆ. ತೊದಲು ಹುಡುಗನ ಅಪ್ಪ, ಆ ವಕೀಲರು, ನಕ್ಕರು. ಇಸ್ತ್ರಿಯವನು ಮೆಟ್ಟಿಲು ಹತ್ತಿ ಬಂದು ತಲೆ ತೂರಿಸಿದ. ಕೈಮುಗಿದ ಹೆಡ್‌ಮಿಸ್ ಬಂದರು, ಇನ್ನೊಂದು ವರ್ಷ ನಿಮ್ಮ ಹತ್ತಿರವೇ ಇರಲಿ ಎಂದರು, ಎಲ್ಲರೂ ಓಹೋ ಎಂದರು. ಅನೌನ್ಸರ್ ಮಾತ್ರ ಓಹೋ ಎನ್ನಲಿಲ್ಲ. ಅವಳ ಮುಖದಲ್ಲಿ ನಗು ಬರಬೇಕಾದ ಜಾಗದಲ್ಲಿ ಬೇರೇನೋ ನಿಧಾನವಾಗಿ ಇಳಿಯಿತು. ಇನ್ನೊಂದು ವರ್ಷ, ಎಂದು ಅಷ್ಟನ್ನೇ ತನಗೆ ತಾನೇ ಹೇಳಿಕೊಂಡಳು. ಆ ಚಿಲಕ ನನ್ನ ಕಣ್ಣಿಗೆ ಕಂಡಿತು, ಕಂಡದ್ದನ್ನು ದಾಟಿ ನಾನು ಮುಂದಿನ ವಾಕ್ಯಕ್ಕೆ ಹೋದೆ.

"ಮೇಷ್ಟ್ರೆ, ಅದನ್ನೆಲ್ಲ ಹೇಳಿದ್ದು ನೀವು. ನಾನಲ್ಲ."

ಯಾರು ಎಂದು ಎಲ್ಲರೂ ತಿರುಗಿದರು, ನಾನೂ ತಿರುಗಿದೆ. ಹುಡುಗಿ ಗೋಡೆಯ ಪಕ್ಕ, ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಎದ್ದು ನಿಂತಿರಲಿಲ್ಲ, ಗಂಟಲು ಸರಿಮಾಡಿಕೊಂಡಿರಲಿಲ್ಲ, ನನ್ನ ಹುಬ್ಬುಗಳ ನಡುವೆ ನೋಡಿರಲಿಲ್ಲ. ನೆಟ್ಟಗೆ ಕಣ್ಣನ್ನೇ ನೋಡುತ್ತಿದ್ದಳು. ದೂರಿನ ದನಿಯಲ್ಲ, ಕಟ್ಟೆಯ ನಂಬರ್ ತಪ್ಪಾಗಿ ಹೇಳಿದ್ದನ್ನು ತಿದ್ದಿ ಹೇಳುವವರ ಸಮಾಧಾನದ ದನಿ. ಕೊಂಚ ಒಡಕಿತ್ತು, ನಾನು ಅಂದುಕೊಂಡದ್ದಕ್ಕಿಂತ ದಪ್ಪಗಿತ್ತು. ಅನೌನ್ಸರ್ ಕೊರಳ ಬಟ್ಟೆಯನ್ನು ಬಿಟ್ಟು, ಹೋಗಿ ಮಗಳ ಪಕ್ಕ ನೆಲದ ಮೇಲೆ ಕೂತಳು. ಮಗಳ ಚಾಚಿದ ಕಾಲುಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು:

"ಮತ್ತೆ ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ ಅಂದಿದ್ದು?"

ಅದಕ್ಕೂ ನನ್ನ ಬಾಯಲ್ಲಿ ಉತ್ತರ ತಯಾರಾಗುತ್ತಿತ್ತು. ಒಂದಲ್ಲ, ನಾಲ್ಕು ಬಂದು ಸಾಲಾಗಿ ನಿಂತವು, ಒಂದಕ್ಕಿಂತ ಒಂದು ದುಂಡಗೆ. ಎಲ್ಲ ಕಣ್ಣೂ ನನ್ನ ಮೇಲಿದ್ದವು, ನನಗೆ ಅದರ ರುಚಿ ಹತ್ತಲಿಲ್ಲ. ಕೆಳಗೆ ಯಾವುದೋ ಒದ್ದೆ ಬಟ್ಟೆಯ ಮೇಲೆ ಬಿಟ್ಟುಬಂದಿದ್ದ ಇಸ್ತ್ರಿ ಪೆಟ್ಟಿಗೆ ಸುಯ್ಯೆನ್ನುತ್ತಿತ್ತು, ಇಸ್ತ್ರಿಯವನು ಅದಕ್ಕೂ ಕದಲದೆ ಬಾಗಿಲಲ್ಲೇ ನಿಂತಿದ್ದ.

"ಅದೂ ನಾನೇ," ಎಂದೆ.

ಆಮೇಲೆ ಇದ್ದದ್ದನ್ನು ಹೇಳಿದೆ, ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಟೀಚರುಗಳ ಗುಂಪು ಇರಲಿಲ್ಲ, ಗಂಟೆ ತನ್ನ ಹೊತ್ತಿಗೆ ಹೊಡೆಯಿತು. ಹೆಸರೇನು ಎಂದು ಹೆಡ್‌ಮಿಸ್ ಕೇಳಿದಾಗ ಹುಡುಗಿ ತುಟಿ ಬಿಚ್ಚಿದ್ದಳು, ಅದನ್ನು ನಾನು ಕಂಡೆ, ಅವಳಿಗೆ ಕಷ್ಟವಾಗದಿರಲಿ ಎಂದು ನಾನೇ ಹೆಸರು ಹೇಳಿದೆ. ಕಷ್ಟವಾಗದಿರಲಿ ಎಂದಲ್ಲ, ನನಗೆ ತಡೆಯಲಾಗಲಿಲ್ಲ. ಚಿತ್ರದ ಬಗ್ಗೆ ಕೇಳಿದಾಗ ಅವಳು ಅದನ್ನು ನೋಡುತ್ತಿದ್ದಳು, ಇನ್ನೂ ನೋಡುತ್ತಿದ್ದಳು, ಆ ಸುಮ್ಮನಿದ್ದ ಹೊತ್ತು ನನ್ನ ಮೈಮೇಲೆ ಇರುವೆ ಹರಿದ ಹಾಗಾಗಿ ನಾನು ಶುರುಮಾಡಿದೆ, ಮುಗಿಸಲಿಲ್ಲ. ಆಗ ಆ ಕೈ ನನ್ನ ಮುಖದ ನೇರಕ್ಕೆ ಬಂತು. ನನ್ನನ್ನು ಆಚೆ ಕೂರಿಸಿದರು, ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ. ಅಲ್ಲಿಂದಲೂ ನಾನು ಬಾಗಿಲ ಸಂದಿಯಿಂದ ಸನ್ನೆ ಮಾಡುತ್ತಿದ್ದೆ. ಆಮೇಲೆ ಒಳಗೆ ಕರೆದು, ಈ ಮಗುವಿನ ಮಾತು ಹೇಗಿರುತ್ತದೆ, ಏನನ್ನು ಕಂಡರೆ ಮಾತಾಡುತ್ತದೆ ಎಂದು ಹೆಡ್‌ಮಿಸ್ ನನ್ನನ್ನು ಕೇಳಿದರು. ಆ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ತಿಂಗಳಲ್ಲಿ ನಾನು ಅವಳ ದನಿ ಕೇಳಿದ್ದು ಈಗ, ಈ ಕೋಣೆಯಲ್ಲಿ, ನಿಮ್ಮೆಲ್ಲರ ಜೊತೆಗೇ, ಎಂದು ಆ ತಾಯ್ತಂದೆಯರಿಗೆ ಹೇಳಿದೆ.

ಅನೌನ್ಸರ್ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಎದುರು ಮಾತಾಡಲು ಏನಾದರೂ ಸಿಗುತ್ತಿತ್ತು. ಹಾಗಾದರೆ ಶಾಲೆಯಲ್ಲಿ ಬೇಡ ಅಂದುಬಿಟ್ಟರು ಎಂದಳು, ಪ್ರಶ್ನೆಯ ಹಾಗೆ ಅಲ್ಲ, ಗಾಡಿ ರದ್ದಾಗಿದೆ ಎಂದು ಓದುವವಳ ಹಾಗೆ.

"ಇಲ್ಲಮ್ಮ," ಎಂದೆ. "ನಾಳೆ ಬೆಳಿಗ್ಗೆ ಬನ್ನಿ ಅಂದಿದಾರೆ. ನೀವು ಮತ್ತೆ ಅವಳು, ಇಬ್ಬರೇ. ಹೇಳಬಾರದು ಅಂತ ಇದ್ದೆ." ಉಳಿದದ್ದನ್ನು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಯಾರೂ ನನ್ನ ಪರವಾಗಿ ಹೇಳಿ ಮುಗಿಸಲಿಲ್ಲ, ಕಾದರು.

"ಅವರು ಬೇಡ ಅಂದಿದ್ದು ನನ್ನನ್ನ."